ಕಡಲೂರಿನ ಸಣ್ಣ ಹೋಟೆಲಿಗೆ ಹೊರಟಿರುವವಳಿಗೆ

ಪುಂಗೋಲ್, ಸಿಂಗಾಪುರ

ಚಿರಂಜೀವಿ ಮಗಳಿಗೆ,

ಗ್ರೀಸ್ ದೇಶದ ನಾಫ್ಪ್ಲಿಯೋ ಎಂಬ ಪುರಾತನ ರೇವುಪಟ್ಟಣಕ್ಕೆ ನೀನೂ ನಿನ್ನ ಯಜಮಾನರೂ ಹೋಗಿಬರಲು ನಿಶ್ಚಯಿಸಿರುವುದನ್ನೂ, ಊರ ಹೊರಗೆ ಸ್ವಂತ ಕಡಲತೀರ, ಈಜುಕೊಳ, ಮೂರು ಹೊತ್ತಿನ ಭೋಜನಗಳ ಸಮೇತ ಸಜ್ಜಾಗಿರುವ ದೊಡ್ಡ ರೆಸಾರ್ಟೇ ಲೇಸೋ, ಕೋಟೆಯಡಿಯ ಹಳೆಯ ಓಣಿಯೊಳಗಣ ಏಳೆಂಟು ಕೋಣೆಗಳ ಹೋಟೆಲೇ ಲೇಸೋ ಎಂಬ ಸಂದೇಹಕ್ಕೆ ಸಿಲುಕಿ ನನ್ನ ಅಭಿಪ್ರಾಯವನ್ನು ಕೇಳಿರುವುದನ್ನೂ ಓದಿ ಸಂತೋಷವಾಯಿತು. ಸಣ್ಣ ಹೋಟೆಲೇ ಲೇಸು. ಇಷ್ಟನ್ನು ಫೋನಿನಲ್ಲಿಯೇ ಹೇಳಿ ಮುಗಿಸಬಹುದಾಗಿತ್ತು. ಆದರೆ ನಿನ್ನಂತೆಯೇ ಹೊರಡಲು ಅಣಿಯಾಗಿರುವ ತರುಣ ತರುಣಿಯರು ನಮ್ಮ ಕನ್ನಡ ಮನೆಗಳಲ್ಲಿ ಈಗ ಅನೇಕರಿರುವುದರಿಂದ, ಕಾರಣಗಳನ್ನು ಸಾವಧಾನವಾಗಿ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನಿರುವ ಪುಂಗೋಲ್ ಕೂಡ ಕಡಲ ಅಂಚಿನ ಊರೇ ಎಂಬುದು ನಿನಗೆ ಗೊತ್ತು. ಸಂಜೆ ಬಿಸಿಲು ಇಳಿದ ಮೇಲೆ ಪುಂಗೋಲ್ ಪಾಯಿಂಟಿನ ಜೆಟ್ಟಿಯವರೆಗೆ ನಡೆದುಹೋಗಿ ನಿಂತರೆ ಜೊಹೋರ್ ಜಲಸಂಧಿಯ ಆಚೆಗೆ ಪಾಸಿರ್ ಗುಡಾಂಗಿನ ಹೊಗೆಗೊಳವೆಗಳೂ ಬಲಕ್ಕೆ ಉಬಿನ್ ದ್ವೀಪದ ಹಸುರೂ ಕಾಣಿಸುತ್ತವೆ. ಮಲಯ ಬೆಸ್ತರ ಹಳ್ಳಿಯಾಗಿದ್ದು, ಅನಂತರ ಹಂದಿ ಕೋಳಿಗಳ ಸಾಕಣೆಗೂ ಕಡಲಮೀನಿನ ಊಟದ ಅಂಗಡಿಗಳಿಗೂ ಹೆಸರಾದ ಈ ನೆಲಕ್ಕೆ ಚರಿತ್ರೆಯ ಕೊರತೆಯೇನೂ ಇಲ್ಲ. ಹೆಸರು ಕೇಳಿದರೆ ಕನ್ನಡಿಗನ ಕಿವಿ ನಿಮಿರದೆ ಇರದಂಥ ವಿಲಿಯಂ ಲಾರೆನ್ಸ್ ಸೋಮ ಬಸಪ ಎಂಬ ಭಾರತೀಯ ಮೂಲದ ಶ್ರೀಮಂತನು 1928ರಲ್ಲಿ ತನ್ನ ಮೃಗಾಲಯವನ್ನು ಸಿರಂಗೂನ್ ರಸ್ತೆಯಿಂದ ಇಲ್ಲಿಗೆ ತಂದು ನೆಲೆಗೊಳಿಸಿದ್ದನು. ಎರಡನೆಯ ಮಹಾಯುದ್ಧ ಸಮೀಪಿಸಿದಾಗ ಬ್ರಿಟಿಷರು ಒಂದೇ ದಿನದ ಗಡುವು ಕೊಟ್ಟು ಆ ಸ್ಥಳವನ್ನು ವಶಪಡಿಸಿಕೊಂಡರು, ಕ್ರೂರಮೃಗಗಳು ಗುಂಡಿಗೆ ಬಲಿಯಾದುವು, 1943ರಲ್ಲಿ ಆತನೂ ತೀರಿಕೊಂಡನು. ಅದೇ ಯುದ್ಧದಲ್ಲಿ, 1942ರ ಫೆಬ್ರವರಿ 28ರಂದು, ಇದೇ ದಂಡೆಯ ಮೇಲೆ ಜಪಾನಿ ಸೈನಿಕರು ಮುನ್ನೂರು ನಾನೂರು ಮಂದಿ ಚೀನೀಯರನ್ನು ಸಾಲಾಗಿ ನಿಲ್ಲಿಸಿ ಕೊಂದರು. ಎದುರಿನ ಕೋನಿ ದ್ವೀಪದಲ್ಲಿ ಹುಲಿಮಾರ್ಕಿನ ಮುಲಾಮಿನ ಒಡೆಯರು ಕಟ್ಟಿಸಿದ ವಿಹಾರಭವನವು ಪಾಳುಬಿದ್ದಿದೆ. 1950ರಲ್ಲಿ ಆ ದ್ವೀಪವನ್ನು ಕೊಂಡು ನ್ಯೂಯಾರ್ಕಿನ ಕೋನಿ ದ್ವೀಪದ ಮಾದರಿಯ ವಿಲಾಸಸ್ಥಾನವನ್ನಾಗಿ ಮಾಡಹೊರಟ ಭಾರತೀಯ ವರ್ತಕನೊಬ್ಬನ ಆಸೆಯಿಂದ ಉಳಿದುಬಂದಿರುವುದು ಹೆಸರೊಂದೇ.

ಇವೆಲ್ಲ ನನಗೆ ತಿಳಿದದ್ದು ಫಲಕಗಳನ್ನು ಓದಿ, ಗ್ರಂಥಾಲಯದಲ್ಲಿ ಕುಳಿತು. 1996ರಲ್ಲಿ ಘೋಷಿತವಾದ ಯೋಜನೆಯಂತೆ ಹಳೆಯ ಪುಂಗೋಲ್ ಸಂಪೂರ್ಣವಾಗಿ ಎದ್ದುಹೋಗಿ, ಒಂದೂವರೆ ಲಕ್ಷಕ್ಕೂ ಮಿಕ್ಕ ಜನರಿಗೆ ಸೂರಾದ ಹೊಸ ಪಟ್ಟಣವೊಂದು ಎದ್ದು ನಿಂತಿತು. ಆ ಸೂರುಗಳಲ್ಲೊಂದರ ಕೆಳಗೆ ಕುಳಿತು ಬರೆಯುತ್ತಿರುವ ನಾನು ಅದನ್ನು ದೂರುವುದು ಕೃತಘ್ನತೆಯಾದೀತು. ಆದರೂ ಒಂದು ಮಾತು ನಿಜ: ಇಂದು ಇಲ್ಲಿಗೆ ಬಂದವನು ಊರನ್ನು ಓದಬಹುದೇ ಹೊರತು ಆ ಹಳೆಯ ಊರಿನಲ್ಲಿ ಒಂದು ರಾತ್ರಿ ಮಲಗಲಾರನು. ಹಳೆಯ ಮನೆಯಿಲ್ಲ, ಹಳೆಯ ಮನೆಯ ಒಡೆಯನಿಲ್ಲ, ನಮ್ಮಂಥವರ ಎಚ್‌ಡಿಬಿ ಎಂಬ ಸರಕಾರಿ ವಸತಿ ಮಂಡಳಿಯ ಫ್ಲ್ಯಾಟುಗಳಲ್ಲಿ ಆರು ತಿಂಗಳಿಗೆ ಕಡಮೆಯ ಅವಧಿಗೆ ಬಾಡಿಗೆಗೆ ಯಾರನ್ನೂ ಇರಿಸಿಕೊಳ್ಳಲು ಕಾನೂನಿನ ಅನುಮತಿಯೂ ಇಲ್ಲ. ಇಂಥ ಕಡಲತೀರದಲ್ಲಿ ವರ್ಷಗಟ್ಟಲೆ ನಡೆದಾಡಿದವಳಿಗೆ, ಹಳೆಯ ಊರೊಳಗೆ ಈಗಲೂ ದೀಪ ಹಚ್ಚಿ ಅತಿಥಿಗಳಿಗೆ ಬಾಗಿಲು ತೆರೆಯುವ ಮನೆ ಎಂಥ ಭಾಗ್ಯವೆಂಬುದು ಚೆನ್ನಾಗಿ ಅರ್ಥವಾಗುತ್ತದೆ.

ನಾಫ್ಪ್ಲಿಯೋದಲ್ಲಿ ಆ ಭಾಗ್ಯ ಇನ್ನೂ ಉಳಿದಿದೆ. ವೆನೀಸಿನವರು, ತುರ್ಕರು, ಮತ್ತೆ ವೆನೀಸಿನವರು, ಮತ್ತೆ ತುರ್ಕರು ಎಂದು ಕೈಯಿಂದ ಕೈಗೆ ಹೋಗಿ, ಕಡೆಗೆ ಸ್ವತಂತ್ರ ಗ್ರೀಸಿನ ಮೊದಲ ರಾಜಧಾನಿಯಾಗಿ, 1834ರಲ್ಲಿ ಅಥೆನ್ಸಿಗೆ ಆ ಪಟ್ಟವನ್ನು ಬಿಟ್ಟುಕೊಟ್ಟ ಊರದು. ರಾಜ್ಯದ ಮೊದಲ ಅಧಿಪತಿ ಕಾಪೊದಿಸ್ತ್ರಿಯಾಸನು 1831ರಲ್ಲಿ ಪೂಜೆಗೆಂದು ಹೋಗುತ್ತಿದ್ದಾಗ ಸಂತ ಸ್ಪಿರಿದೋನನ ಇಗರ್ಜಿಯ ಬಾಗಿಲಲ್ಲಿ ಕೊಲೆಯಾದನು. ಗುಂಡು ತಾಗಿದ ಗುರುತನ್ನು ಬಾಗಿಲ ಪಕ್ಕದ ಗೋಡೆಯಲ್ಲಿ ಗಾಜು ಹೊದಿಸಿ ಇಂದಿಗೂ ತೋರಿಸುತ್ತಾರೆ. ತಲೆಯ ಮೇಲಿನ ಪಾಲಮೀಡಿ ದುರ್ಗವನ್ನು ವೆನೀಸಿನವರು 1711ರಿಂದ 1714ರವರೆಗೆ ಅತಿತ್ವರೆಯಿಂದ ಕಟ್ಟಿ ಮುಗಿಸಿದರು, ಮರುವರ್ಷವೇ ತುರ್ಕರಿಗೆ ಕಳೆದುಕೊಂಡರು. ರೇವಿನ ನಡುವೆ ನೀರಿನಲ್ಲಿ ನಿಂತಿರುವ ಬೂರ್ಟ್ಸಿ ಎಂಬ ಪುಟ್ಟ ಕೋಟೆಯ ಕಥೆ ಇನ್ನೂ ವಿಚಿತ್ರ: 1473ರಲ್ಲಿ ರಕ್ಷಣೆಗೆಂದು ಕಟ್ಟಿದ ಅದು ಹತ್ತೊಂಬತ್ತನೆಯ ಶತಮಾನದಲ್ಲಿ, ದುರ್ಗದ ಸೆರೆಮನೆಯ ಕೈದಿಗಳ ಶಿರಚ್ಛೇದ ಮಾಡುತ್ತಿದ್ದ ವಧಕರನ್ನು ಊರೊಳಗೆ ಸೇರಿಸಲೊಲ್ಲದೆ ಇರಿಸಿದ ಮನೆಯಾಯಿತು, 1930ರ ದಶಕದಿಂದ 1970ರವರೆಗೆ ಅದೇ ಕಟ್ಟಡ ಹೋಟೆಲಾಗಿ ನಡೆಯಿತು. ಮಧುಚಂದ್ರಕ್ಕೆಂದು ಬಂದು ವಧಕರ ಕೋಣೆಯಲ್ಲಿ ಹಾಯಾಗಿ ಮಲಗಿದ ದಂಪತಿಗಳೂ ಇದ್ದಿರಬೇಕು!

ಆದರೆ ಆ ಊರಿನಲ್ಲಿ ತಂಗಿದವರ ಪೈಕಿ ನನಗೆ ಅತ್ಯಂತ ಪ್ರಿಯನಾದವನು ಪ್ರಾಕ್ತನಶೋಧಕ ಹೈನ್ರಿಖ್ ಶ್ಲೀಮನ್. 1884ರಲ್ಲಿ ಸಮೀಪದ ಟಿರಿನ್ಸಿನ ಅರಮನೆಯನ್ನು ಅಗೆಯುತ್ತಿದ್ದಾಗ ಅವನು ನಾಫ್ಪ್ಲಿಯೋದ ಒಂದು ಹೋಟೆಲಿನಲ್ಲಿ ಬಿಡಾರ ಹೂಡಿದ್ದನು. ಟ್ರಾಯ್ ನಗರವನ್ನೂ ಮೈಸೀನಿಯ ಚಿನ್ನವನ್ನೂ ಲೋಕಕ್ಕೆ ತೋರಿಸಿದ ಆ ಕೋಟ್ಯಧೀಶ್ವರನು ತನ್ನ ದಿನಚರಿಯನ್ನು ವರ್ಣಿಸಿರುವ ಬಗೆ ನೋಡು: ನಾಲ್ಕು ಗಂಟೆಗೆ ಮುಂಚೆಯೇ ಎದ್ದು, ಜ್ವರ ಬಾರದಿರಲೆಂದು ಕ್ವಿನೈನ್ ನುಂಗಿ, ಕಟ್ಟೆಯ ಬಳಿ ತಪ್ಪದೆ ಕಾದಿರುತ್ತಿದ್ದ ಅಂಬಿಗನ ದೋಣಿಯಲ್ಲಿ ಕಡಲೊಳಕ್ಕೆ ಹೋಗಿ ಕತ್ತಲಲ್ಲಿಯೇ ಕೆಲವು ನಿಮಿಷ ಈಜಿ, ಅಷ್ಟು ಹೊತ್ತಿಗೇ ಬಾಗಿಲು ತೆರೆದಿರುತ್ತಿದ್ದ ಅಗಮೆಮ್ನನ್ ಎಂಬ ಕಾಫಿ ಅಂಗಡಿಯಲ್ಲಿ ಸಕ್ಕರೆಯಿಲ್ಲದ ಕಹಿ ಕಾಫಿ ಕುಡಿದು, ಕುದುರೆಯೇರಿ ಕೆಲಸಕ್ಕೆ ಹೋಗುತ್ತಿದ್ದನು. ಅಂಬಿಗನ ಕೂಲಿ ಎಷ್ಟು, ಕಾಫಿಯ ಬೆಲೆ ಎಷ್ಟು ಎಂಬುದನ್ನೂ ತನ್ನ ವಿದ್ವದ್ಗ್ರಂಥದಲ್ಲಿ ದಾಖಲಿಸಲು ಅವನು ಮರೆಯಲಿಲ್ಲ. ಊರಿನ ಎದೆಯೊಳಗೆ ತಂಗಿದವನಿಗೆ ಸಿಗುವುದು ಈ ಬಗೆಯ ಪರಿಚಯ. ರೆಸಾರ್ಟಿನಲ್ಲಿ ಇಳಿದವರು ಹತ್ತು ಗಂಟೆಗೆ ಬಸ್ಸಿನಲ್ಲಿ ಬಂದು, ಕೋಟೆಯನ್ನು ಹತ್ತಿ ಇಳಿದು, ಐದಕ್ಕೆ ಹಿಂತಿರುಗುವರು. ಊರಾದರೋ ಊರವರದಾಗಿರುವುದು ಹತ್ತಕ್ಕೆ ಮೊದಲು ಮತ್ತು ಐದರ ನಂತರ. ಬಲೆ ಕೊಡವುವವರು, ರೊಟ್ಟಿಯ ಭಟ್ಟಿಯವರು, ಸಂಜೆ ಮೊಮ್ಮಕ್ಕಳ ಕೈ ಹಿಡಿದು ಚೌಕದಲ್ಲಿ ಅಡ್ಡಾಡುವ ಮುದುಕರು, ಇವರನ್ನು ಕಾಣಬೇಕಾದರೆ ಅಲ್ಲಿಯೇ ಮಲಗಿ ಅಲ್ಲಿಯೇ ಏಳಬೇಕು.

ಇಷ್ಟರಿಂದ ಹಳೆಯ ಓಣಿಯ ಯಾವ ಕೋಣೆಯಾದರೂ ಆದೀತೆಂದು ತಿಳಿಯಬೇಡ. ಇಲ್ಲಿ ಒಂದು ಸೂಕ್ಷ್ಮವಿದೆ. ವೆನೀಸಿನ ಐತಿಹಾಸಿಕ ನಗರಭಾಗದಲ್ಲಿ 1951ರಲ್ಲಿ ಒಂದು ಲಕ್ಷದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ ಐವತ್ತು ಸಾವಿರಕ್ಕಿಂತ ಕೆಳಗಿಳಿಯಿತು. ಅದಕ್ಕೆ ಕಾರಣಗಳು ಹಲವು, ಆದರೆ ಮನೆಗಳು ಒಂದೊಂದಾಗಿ ಪ್ರವಾಸಿಗಳ ದಿನಬಾಡಿಗೆಯ ಕೋಣೆಗಳಾಗಿ ಮಾರ್ಪಟ್ಟದ್ದು ಅವುಗಳಲ್ಲಿ ಪ್ರಬಲವಾದದ್ದು. ಬಾರ್ಸಿಲೋನದ ನಗರಾಡಳಿತವು ಇಂಥ ಹತ್ತು ಸಾವಿರಕ್ಕೂ ಮಿಕ್ಕ ಮನೆಗಳ ಪರವಾನಗಿಯನ್ನು 2028ರೊಳಗೆ ಕೊನೆಗಾಣಿಸುವುದಾಗಿ 2024ರಲ್ಲಿ ಸಾರಿತು. ಮಾಲೀಕನು ಎಲ್ಲಿಯೋ ದೂರದ ನಗರದಲ್ಲಿದ್ದು, ಬಾಗಿಲ ಪಕ್ಕದ ಪೆಟ್ಟಿಗೆಯೊಳಗೆ ಕೀಲಿಕೈ ಇಟ್ಟು, ಗುಟ್ಟಿನ ಅಂಕಿಗಳನ್ನು ಫೋನಿಗೆ ಕಳುಹಿಸುವ ಮನೆಯನ್ನು ನೀನು ಹಿಡಿದೆಯೆಂದರೆ, ಯಾವ ಊರನ್ನು ನೋಡಲು ಹೋದೆಯೋ ಆ ಊರಿನ ಒಂದು ಸಂಸಾರವನ್ನು ಹೊರಗೆ ಕಳುಹಿಸಿದ್ದರಲ್ಲಿ ನಿನಗೂ ಕಿಂಚಿತ್ ಪಾಲುಂಟು. ಆದುದರಿಂದ ಒಡೆಯರು ಅದೇ ಕಟ್ಟಡದಲ್ಲಿಯೋ ಅದೇ ಬೀದಿಯಲ್ಲಿಯೋ ವಾಸವಾಗಿರುವ, ಬೆಳಗಿನ ಉಪಾಹಾರವನ್ನು ಅವರೇ ಮುಂದೆ ನಿಂತು ಬಡಿಸುವ ಹೋಟೆಲನ್ನು ಹುಡುಕು. ಕೋಣೆ ಕಾದಿರಿಸುವ ಮೊದಲು ಅವರಿಗೆ ನೇರವಾಗಿ ಬರೆದು ಎರಡು ಪ್ರಶ್ನೆ ಕೇಳು. ಉತ್ತರ ಬರುವ ಧಾಟಿಯಲ್ಲಿಯೇ ಮನೆಯ ಗುಣ ತಿಳಿದುಹೋಗುತ್ತದೆ.

ಈ ಪದ್ಧತಿ ನಮಗೆ ಹೊಸದಲ್ಲ. ಗೋಕರ್ಣಕ್ಕೆ ಹೋದ ನಮ್ಮ ಹಿರಿಯರು ಪುರೋಹಿತರ ಮನೆಯ ಜಗಲಿಯಲ್ಲಿಯೇ ಇಳಿದುಕೊಂಡು, ಅವರ ಬಾವಿಯಲ್ಲಿಯೇ ಮಿಂದು, ಅವರು ಬಡಿಸಿದ್ದನ್ನುಂಡು, ಅವರ ಮಕ್ಕಳ ಮದುವೆಯ ಮಾತನ್ನೂ ಆಡಿ ಬರುತ್ತಿದ್ದರು. ಮೆಡಿಟರೇನಿಯನ್ ತೀರದವರೂ ಒಂದು ಕಾಲಕ್ಕೆ ನಮ್ಮ ಕರಾವಳಿಯ ಅತಿಥಿಗಳೇ. ರೋಮಿನ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಹೊನ್ನಾವರದಲ್ಲಿ ಇಳಿದು, ಗೇರುಸೊಪ್ಪೆಯ ಮಾರ್ಗವಾಗಿ ಇಕ್ಕೇರಿಗೆ ಹೋಗಿ, ಅಲ್ಲಿಂದ ಬಸರೂರು ಮಂಗಳೂರುಗಳ ಕಡೆಗೂ ಬಂದನು. ಘಟ್ಟವೇರುವ ದಾರಿಯ ಗುಡಿಯೊಂದರ ಜಗಲಿಯಲ್ಲಿ ನೆಲದ ಮೇಲೆ ಮರಳು ಹರಡಿಕೊಂಡು, ಬೆರಳಿನಿಂದ ಅಂಕಿಗಳನ್ನು ಬರೆದು, ರಾಗವಾಗಿ ಹಾಡುತ್ತ ಲೆಕ್ಕ ಕಲಿಯುತ್ತಿದ್ದ ಹುಡುಗರನ್ನು ಕಂಡು, ನಿಂತು, ಅವರನ್ನೇ ಪ್ರಶ್ನಿಸಿ, ಆ ಕ್ರಮವನ್ನು ಸವಿಸ್ತಾರವಾಗಿ ಬರೆದಿಟ್ಟನು. ಉಳ್ಳಾಲದ ರಾಣಿಯು ಬರಿಗಾಲಿನಲ್ಲಿ ನಿಂತು ಕಾಲುವೆಯ ಕೆಲಸ ನೋಡಿಕೊಳ್ಳುತ್ತಿದ್ದುದನ್ನು ಕಂಡು ಅದನ್ನೂ ಬರೆದನು. ನಮ್ಮ ನಾಡಿನ ದೇವರ ವಿಷಯದಲ್ಲಿ ಅವನ ಮಾತುಗಳು ಎಲ್ಲ ಕಡೆಯೂ ಉದಾರವಾಗಿಲ್ಲ, ನಿಜ. ಆದರೂ ದೊಡ್ಡ ಕಟ್ಟಡಗಳನ್ನಷ್ಟೇ ಎಣಿಸಿಕೊಂಡು ಹೋಗದೆ ಜಗಲಿಯ ಮೇಲಿನ ಮಕ್ಕಳ ಬಳಿ ನಿಂತ ಅತಿಥಿಯವನು. ನೀನೂ ಹಾಗೆ ನಿಲ್ಲು.

ಇನ್ನು ನಡವಳಿಕೆಯ ಸಂಗತಿ. ಮಧ್ಯಾಹ್ನ ಮೂರರಿಂದ ಐದೂವರೆಯವರೆಗೆ ಆ ದೇಶದಲ್ಲಿ ವಿಶ್ರಾಂತಿಯ ವೇಳೆ. ಮೆಟ್ಟಿಲಿನ ಮೇಲೆ ಜೋರಾಗಿ ಮಾತಾಡಬೇಡ, ವೀಡಿಯೋ ಕರೆ ಮಾಡಿ ನನಗೆ ಬಾಲ್ಕನಿಯಿಂದ ಕಡಲು ತೋರಿಸುವ ಉತ್ಸಾಹವೂ ಆ ಹೊತ್ತಿನಲ್ಲಿ ಬೇಡ. ಹಳೆಯ ಮನೆಗಳಿಗೆ ಲಿಫ್ಟ್ ಇರುವುದು ಅಪರೂಪ, ಮರದ ಮೆಟ್ಟಿಲುಗಳೋ ಕಡಿದಾದುವು. ಒಂದೊಂದು ಸಣ್ಣ ಚೀಲದಲ್ಲಿ ಮುಗಿಸಿ. ಶೌಚದ ಕಾಗದವನ್ನು ಕಮೋಡಿನೊಳಕ್ಕೆ ಹಾಕದೆ ಪಕ್ಕದ ಬುಟ್ಟಿಗೆ ಹಾಕುವುದು ಅಲ್ಲಿನ ಕ್ರಮ, ಏಕೆಂದರೆ ಕೊಳವೆಗಳು ಕಿರಿದು. ಇದನ್ನು ಬರೆಯಲು ಸಂಕೋಚಪಟ್ಟರೆ ನಿನಗೇ ತೊಂದರೆ.

ಊಟದ ಚಿಂತೆ ನಿನ್ನ ಅತ್ತೆಯವರಿಗೆ ಹತ್ತಿದೆಯೆಂದು ಬರೆದಿದ್ದೀಯೆ. ಅವರಿಗೆ ಧೈರ್ಯ ಹೇಳು. ಗ್ರೀಕರ ಧರ್ಮದಲ್ಲಿ ಉಪವಾಸದ ದಿನಗಳು ಹೇರಳ. ಆ ದಿನಗಳಿಗೆಂದು ಮಾಂಸ, ಮೊಟ್ಟೆ, ಹಾಲುಗಳಿಲ್ಲದ ಅಡುಗೆಯ ಒಂದು ಸಂಪ್ರದಾಯವೇ ಅಲ್ಲಿ ಬೆಳೆದಿದೆ. ‘ನಿಸ್ತೀಸಿಮೊ’ ಎಂದು ಕೇಳಿದರೆ ಅಡುಗೆಯವರಿಗೆ ಥಟ್ಟನೆ ತಿಳಿಯುತ್ತದೆ, ಆದರೆ ಬೊಂಡಾಸ್, ಸಿಗಡಿಗಳಿಗೆ ಅವರ ಉಪವಾಸದಲ್ಲಿ ನಿಷೇಧವಿಲ್ಲವಾದ್ದರಿಂದ ಅವೂ ಬೇಡವೆಂದು ಸೇರಿಸಿ ಹೇಳಬೇಕು. ಆಲಿವ್ ಎಣ್ಣೆಯಲ್ಲಿ ಹದವಾಗಿ ಬೇಯಿಸಿದ ಬದನೆ, ಬೆಂಡೆ, ಹುರುಳಿಕಾಯಿಗಳ ಪಲ್ಯಗಳೂ, ಟೊಮೇಟೊ ರಸದಲ್ಲಿ ಬೆಂದ ದೊಡ್ಡ ಬಿಳಿ ಅವರೆಯಂಥ ಕಾಳೂ, ನಿಂಬೆ ಹಿಂಡಿದ ಬೆರಕೆಸೊಪ್ಪೂ ದೊರೆಯುತ್ತವೆ. ಬೆಂಡೆಕಾಯನ್ನು ಅವರು ಮಾಡುವ ಬಗೆ ನಮ್ಮದಕ್ಕಿಂತ ಮೇಲೆಂದು ನನ್ನ ಮತ, ಇದನ್ನು ಮಾತ್ರ ಅತ್ತೆಯವರಿಗೆ ಹೇಳಬೇಡ. ಚಟ್ನಿಪುಡಿಯ ಡಬ್ಬಿ ಚೀಲದಲ್ಲಿರಲಿ. ಹೋಟೆಲಿನ ಕೋಣೆಯಲ್ಲಿ ಒಗ್ಗರಣೆ ಹಾಕುವ ಸಾಹಸ ಮಾತ್ರ ಬೇಡ.

ಒಂದೇ ಊರಿನಲ್ಲಿ ಐದಾರು ದಿನವಾದರೂ ನಿಲ್ಲಿ. ಸಂತೊರಿನಿ, ಮಿಕೊನೊಸ್ ಎಂದು ದಿನಕ್ಕೊಂದು ದ್ವೀಪ ಹಾರುವ ಪಟ್ಟಿಯನ್ನು ನಿನ್ನ ಯಜಮಾನರು ಸಿದ್ಧಪಡಿಸಿದ್ದಾರೆಂದು ಕೇಳಿದೆ. ಹಿರಿಯಳೆಂಬ ಸಲಿಗೆಯಿಂದ ಆ ಪಟ್ಟಿಯನ್ನು ಅರ್ಧಕ್ಕೆ ಕತ್ತರಿಸಿದ್ದೇನೆಂದು ಅವರಿಗೆ ತಿಳಿಸು. ಮೈಸೀನಿ, ಟಿರಿನ್ಸ್, ಎಪಿದಾವ್ರಸಿನ ರಂಗಭೂಮಿ, ಮೂರೂ ನಾಫ್ಪ್ಲಿಯೋದಿಂದ ಬೆಳಗ್ಗೆ ಹೊರಟು ಊಟದ ಹೊತ್ತಿಗೆ ಮರಳುವಷ್ಟು ಹತ್ತಿರ. ಆಗಸ್ಟ್ ಬೇಡ, ಬಿಸಿಲೂ ಜನವೂ ವಿಪರೀತ. ಸೆಪ್ಟೆಂಬರಿನ ಕೊನೆಯೋ ಅಕ್ಟೋಬರಿನ ಮೊದಲೋ ಆದರೆ ಕಡಲು ಇನ್ನೂ ಬೆಚ್ಚಗಿರುತ್ತದೆ, ಹೋಟೆಲಿನ ಒಡತಿಗೂ ನಿನ್ನೊಡನೆ ಕುಳಿತು ಮಾತಾಡಲು ಪುರುಸೊತ್ತಿರುತ್ತದೆ. ಅಂಥ ಕಾಲದಲ್ಲಿಯೂ ಒಳ್ಳೆಯ ಸಣ್ಣ ಹೋಟೆಲುಗಳ ಕೋಣೆಗಳು ಬೇಗ ತುಂಬಿಹೋಗುವುದರಿಂದ ಈ ವಾರವೇ ಅವರಿಗೆ ಬರೆ, ಯಾವ ಮಹಡಿಯಲ್ಲಿ ಕೋಣೆ ಕೊಡುವರೆಂದು ಕೇಳು, ನಿನ್ನ ಯಜಮಾನರ ಮೊಣಕಾಲು ನೋವಿನ ವಿಷಯವನ್ನು ಮುಚ್ಚಿಡದೆ ತಿಳಿಸು.

ಇಂತು ನಿನ್ನ ಹಿತಚಿಂತಕಳಾದ
ದೊಡ್ಡಮ್ಮ