ಬಿಡಾರ ನಂಜನಗೂಡಿನಲ್ಲಿ

ಧಾರವಾಡದ ಕಡೆಯಿಂದ ಹೊರಡುವ ನಮ್ಮಂಥವರು ಹಳೆ ಮೈಸೂರು ಸೀಮೆ ನೋಡಬೇಕೆಂದರೆ ಮೊದಲು ಮೈಸೂರಿನಲ್ಲಿ ರೂಮು ಹುಡುಕುತ್ತೇವೆ. ಬೆಳಗ್ಗೆ ಗಾಡಿ ಹತ್ತಿ ನಂಜನಗೂಡು, ತಲಕಾಡು, ಸೋಮನಾಥಪುರ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ, ರಾತ್ರಿ ಊಟದ ಹೊತ್ತಿಗೆ ವಾಪಸಾಗುವುದು ರೂಢಿ. ಅವ್ವನಿಗೆ ನಂಜುಂಡೇಶ್ವರನ ಹರಕೆ ತೀರಿಸಬೇಕಿತ್ತು. ಅವಳ ಮಂಡಿ ಈ ಓಟಕ್ಕೆ ಒಗ್ಗುವಂಥದ್ದಲ್ಲ. ಹಾಗಾಗಿ ಮೈಸೂರನ್ನು ಬಿಟ್ಟು ನಂಜನಗೂಡಿನಲ್ಲೇ ಬಿಡಾರ ಹೂಡಿದೆವು, ಕೊನೆಗೆ ಟಿ. ನರಸೀಪುರಕ್ಕೆ ಬದಲಾಯಿಸಿದೆವು. ಆ ಪ್ರವಾಸದಿಂದ ನಾನು ಕಲಿತದ್ದು ಇದು: ಗೊತ್ತಿಲ್ಲದ ಸೀಮೆಯಲ್ಲಿ ಎಲ್ಲಿ ತಂಗಬೇಕು ಎಂಬುದನ್ನು ನೋಡಬೇಕಾದ ಜಾಗಗಳ ಪಟ್ಟಿಯಿಂದ ತೀರ್ಮಾನಿಸಬಾರದು. ಸಂಜೆ ಎಲ್ಲಿ ಕಳೆಯುವುದಕ್ಕೆ ಚೆನ್ನ, ಅಲ್ಲಿಗೆ ಮರಳುವ ದಾರಿ ಎಷ್ಟು ಸಲೀಸು ಎಂಬುದರಿಂದ ತೀರ್ಮಾನಿಸಬೇಕು.

ನಕಾಶೆಯಲ್ಲಿ ಈ ಎರಡು ಊರುಗಳೂ ಮೈಸೂರಿನ ಮಗ್ಗುಲಲ್ಲೇ ಇವೆ. ಎರಡೂ ಕಪಿಲೆಯ, ಅಂದರೆ ಕಬಿನಿಯ, ದಂಡೆಯವು. ಕಬಿನಿ ಜಲಾಶಯದಿಂದ ಇಳಿದು ಬರುವ ಹೊಳೆ ನಂಜನಗೂಡನ್ನು ಹಾಯ್ದು, ಮುಂದೆ ನರಸೀಪುರದ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆದರೆ ಹೊಳೆ ಎರಡೂರನ್ನು ಕೂಡಿಸಿದಂತೆ ರಸ್ತೆಗಳು ಕೂಡಿಸುವುದಿಲ್ಲ. ನಂಜನಗೂಡಿನ ದಾರಿಗಳು ದಕ್ಷಿಣಕ್ಕೆ ಕವಲೊಡೆಯುತ್ತವೆ: ಒಂದು ಗುಂಡ್ಲುಪೇಟೆ, ಬಂಡೀಪುರದ ಕಡೆಗೆ, ಇನ್ನೊಂದು ಗಾಂಧೀಜಿ ಬಂದುಹೋದ ಖಾದಿ ಕೇಂದ್ರದ ಊರು ಬದನವಾಳಿನ ಮೇಲೆ ಚಾಮರಾಜನಗರಕ್ಕೆ. ನರಸೀಪುರದ ದಾರಿಗಳು ಪೂರ್ವಕ್ಕೆ ಕೊಳ್ಳೇಗಾಲ, ತಲಕಾಡು, ಉತ್ತರಕ್ಕೆ ಸೋಸಲೆ, ಸೋಮನಾಥಪುರ, ಬನ್ನೂರು. ಒಂದೇ ಕಡೆ ಇದ್ದುಕೊಂಡು ಈ ಎರಡು ಗೊಂಚಲನ್ನೂ ನೋಡುತ್ತೇನೆ ಎಂದು ಹೊರಟರೆ ದಿನದ ಅರ್ಧ ಬಸ್ಸಿನಲ್ಲೇ ಹೋಗುತ್ತದೆ. ಮೈಸೂರಿನಲ್ಲಿದ್ದರಂತೂ ಬೆಳಗ್ಗೆ ಊರು ದಾಟುವುದು, ಸಂಜೆ ಮತ್ತೆ ಊರು ಹೊಗುವುದು, ಎರಡೂ ಹೊತ್ತು ಗಾಡಿಗಳ ಸಾಲಿನಲ್ಲೇ.

ನಂಜನಗೂಡಿಗೆ ನನ್ನ ಮತ ಬೀಳುವುದು ಮುಖ್ಯವಾಗಿ ಅಲ್ಲಿನ ಸಂಜೆಗಾಗಿ. ಮಧ್ಯಾಹ್ನ ಮುಚ್ಚಿದ ದೇವಸ್ಥಾನದ ಬಾಗಿಲು ಮತ್ತೆ ತೆರೆಯುವ ಹೊತ್ತಿಗೆ ಏಳು ನೆಲೆಯ ಗೋಪುರದ ಮುಂದಿನ ಬಯಲು ತುಂಬತೊಡಗುತ್ತದೆ. ಮುಡಿ ಕೊಟ್ಟು ಬೋಳುತಲೆಗೆ ಗಂಧ ಬಳಿಸಿಕೊಂಡ ಮಕ್ಕಳು, ಒದ್ದೆ ಬಟ್ಟೆಯಲ್ಲೇ ಉರುಳು ಸೇವೆಗೆ ನಿಂತವರು, ಹಣ್ಣುಕಾಯಿಯ ಬುಟ್ಟಿಗಳು. ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತರೆ ಯಾರೂ ಎಬ್ಬಿಸುವುದಿಲ್ಲ. ಹೂ ಕಟ್ಟುತ್ತಿದ್ದ ಹೆಂಗಸೊಬ್ಬರು ಅವ್ವನನ್ನು ನೋಡಿ, “ಯಾವೂರವ್ವಾ ನಿಮ್ದು?” ಎಂದರು. “ಧಾರವಾಡದ ಕಡೇದವ್ರು ನಾವು” ಎಂದಳು ಅವ್ವ. “ಅಷ್ಟು ದೂರದಿಂದ ಬಂದು ಇವತ್ತೇ ಹೊಂಟ್ಬುಡ್ತೀರಾ?” “ಇಲ್ಲವ್ವಾ, ಇಲ್ಲೇ ಇರ್ತೀವಿ.” ಆ ಮಾತು ಕೇಳಿ ಆಕೆ ಮಲ್ಲಿಗೆಯ ಮೊಳ ಅಳೆಯುವಾಗ ಕೈ ಇನ್ನಷ್ಟು ಉದ್ದ ಚಾಚಿದರು. ಮರುದಿನ ನಾವು ಬಸ್ಸಿಳಿದು ಬರುವಾಗ ಅವ್ವನನ್ನು ಆಕೆಯೇ ದೂರದಿಂದ ಕೂಗಿ ಕರೆದರು. ಬೆಳಗ್ಗೆ ಬಂದು ಸಂಜೆ ಹೋಗುವವರಿಗೆ ಈ ಗುರುತು ಸಿಗಲಾರದು.

ರಸಬಾಳೆಯನ್ನೂ ನಾನು ಕಣ್ಣಿಟ್ಟು ನೋಡಿದ್ದು ಇಲ್ಲೇ. ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಆದರೆ ಪನಾಮಾ ಸೊರಗು ರೋಗ ತೋಟಗಳನ್ನು ತಿಂದುಹಾಕಿದ್ದರಿಂದ ಊರಲ್ಲೇ ಅದು ಅಪರೂಪ. ಸಿಪ್ಪೆ ತೆಳುವು. ಅದು ಕಪ್ಪಾದಾಗ ಹಣ್ಣು ಕೆಟ್ಟಿತೆಂದು ಎಸೆಯಬಾರದು. ಒಳಗಿನ ತಿರುಳು ಗಟ್ಟಿಯಾಗಿಯೇ ಇದ್ದು ಸಿಹಿ ಏರಿರುತ್ತದೆ. ನಾಲ್ಕು ಹಣ್ಣು ಕೊಂಡು ರೂಮಿನಲ್ಲಿಟ್ಟು, ದಿನಕ್ಕೊಂದರಂತೆ ತಿಂದು ರುಚಿ ಬದಲಾಗುವುದನ್ನು ಗಮನಿಸುವುದು ತಂಗಿದವರಿಗೆ ಮಾತ್ರ ಸಾಧ್ಯ. ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಕಂಡ ಗುಲಾಬಿ ಬಣ್ಣದ ನಂಜನಗೂಡು ಹಲ್ಲುಪುಡಿಯ ಡಬ್ಬಿಯನ್ನೂ ಅವ್ವ ಅದರ ಊರಿನಲ್ಲೇ ಕೊಂಡಳು.

ಇನ್ನು ವ್ಯಾವಹಾರಿಕ ಮಾತು. ನಂಜನಗೂಡಿಗೆ ರೈಲೂ ಇದೆ, ಮೈಸೂರು–ಚಾಮರಾಜನಗರ ಮಾರ್ಗದ್ದು. ಬಸ್ಸುಗಳಿಗೆ ಬರವಿಲ್ಲ. ಆದರೆ ಒಳನಾಡಿನ ಊರುಗಳಿಂದ ಮರಳುವ ಬಸ್ಸಿನ ವಿಷಯವನ್ನು ನಿಲ್ದಾಣದ ಫಲಕದಲ್ಲಿ ಓದಿದರೆ ಸಾಲದು, ಹೋಗುವ ಬಸ್ಸಿನ ಕಂಡಕ್ಟರನ್ನೇ ಕೇಳಬೇಕು. ಸುತ್ತೂರಿಗೆ ಹೊರಟಾಗ ಒಬ್ಬ ಕಂಡಕ್ಟರ್ ಹೇಳಿದ್ದು ನನಗೆ ಈಗಲೂ ಉಪಯೋಗಕ್ಕೆ ಬರುತ್ತಿದೆ: “ಕಡೇ ಬಸ್ಸು ನಂಬ್ಕೊಂಡು ಕೂತ್ಕೋಬೇಡಿ ಕಣವ್ವಾ, ಅದ್ರ ಹಿಂದಿನ್ದು ಹಿಡ್ಕೊಳಿ.” ಬಂಡೀಪುರದ ಕಡೆಯ ಗೋಪಾಲಸ್ವಾಮಿ ಬೆಟ್ಟಕ್ಕೂ ಇದೇ ಲೆಕ್ಕ. ಸ್ವಂತ ಗಾಡಿಯನ್ನು ತಪ್ಪಲಲ್ಲೇ ಬಿಟ್ಟು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮೇಲೇರಬೇಕು, ಆದ್ದರಿಂದ ಬೆಳಗ್ಗೆಯೇ ಹೋಗಿ ಮುಗಿಸುವುದು ಒಳ್ಳೆಯದು. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಇರುವುದರಿಂದ ವಯನಾಡು, ಊಟಿಯ ಆಸೆಯನ್ನು ದಿನದ ಪ್ರವಾಸಕ್ಕೆ ಸೇರಿಸಿಕೊಳ್ಳುವವರು ಗಡಿಯಾರ ನೋಡಿಕೊಂಡೇ ತಿರುಗಬೇಕು. ಪ್ರಾಣಿಗಳ ದೃಷ್ಟಿಯಿಂದ ಆ ನಿಷೇಧ ಇರಲೇಬೇಕೆಂದು ನನ್ನ ಅಭಿಪ್ರಾಯ.

ರೂಮು ಹಿಡಿಯುವ ಮುಂಚೆ ಪಂಚಾಂಗ ನೋಡಬೇಕು. ಸೋಮವಾರ, ಹುಣ್ಣಿಮೆಗಳಲ್ಲಿ ನಂಜನಗೂಡಿಗೆ ಸುತ್ತಲ ಸೀಮೆಯೇ ಹರಿದುಬರುತ್ತದೆ. ಐದು ತೇರುಗಳ ದೊಡ್ಡ ಜಾತ್ರೆ ಮಾರ್ಚ್–ಏಪ್ರಿಲ್ ಹೊತ್ತಿಗೆ ಬೀಳುತ್ತದೆ. ಆಗ ತೇರು ನೋಡಲಿಕ್ಕೆಂದೇ ಹೋಗಬೇಕು, ತಿರುಗಾಟಕ್ಕಲ್ಲ. ಮಳೆಗಾಲದಲ್ಲಿ ಕಬಿನಿಯಿಂದ ನೀರು ಹೆಚ್ಚು ಬಿಟ್ಟರೆ ಹದಿನಾರು ಕಾಲು ಮಂಟಪ ಮುಳುಗುತ್ತದೆ, ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆಗೇ ನೀರು ಹತ್ತಿ ವಾಹನಗಳನ್ನು ಬೇರೆ ದಾರಿಗೆ ತಿರುಗಿಸುತ್ತಾರೆ. ಜುಲೈ, ಆಗಸ್ಟಿನಲ್ಲಿ ಹೊರಡುವವರು ಜಲಾಶಯದ ಹೊರಹರಿವನ್ನು ಪೇಪರಿನಲ್ಲಿ ನೋಡಿಕೊಂಡೇ ಹೊರಡುವುದು ಕ್ಷೇಮ.

ನರಸೀಪುರದಲ್ಲಿ ತಂಗುವ ವ್ಯವಸ್ಥೆ ಕಡಿಮೆ, ಸಂಜೆಯೂ ಬೇಗ ಮುಗಿಯುತ್ತದೆ. ಆದರೂ ಅಲ್ಲಿ ಒಂದು ರಾತ್ರಿ ಕಳೆಯಲೇಬೇಕು, ಮುಂಜಾವಿನ ಸಲುವಾಗಿ. ಸಂಗಮದ ಈಚೆ ಗುಂಜಾ ನರಸಿಂಹಸ್ವಾಮಿ, ಆಚೆ ಅಗಸ್ತ್ಯೇಶ್ವರ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಅಲ್ಲಿನವರು ಹೇಳುತ್ತಾರೆ. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತ ಬಂದಿದೆ. ಬೆಳಗಿನ ಮೊದಲ ಬಸ್ಸುಗಳಲ್ಲಿ ಹೊರಟರೆ ತಲಕಾಡಿನ ಮರಳು ಇನ್ನೂ ತಣ್ಣಗಿರುತ್ತದೆ. ಇದು ಸಣ್ಣ ಮಾತಲ್ಲ. ಪಾತಾಳೇಶ್ವರ, ಮರಳೇಶ್ವರ ಗುಡಿಗಳ ನಡುವೆ ಬರಿಗಾಲಲ್ಲಿ ಮರಳ ಮೇಲೆಯೇ ನಡೆಯಬೇಕು. ಮಧ್ಯಾಹ್ನ ಆ ಮರಳು ಕಾದ ಹಂಚು. ಅವ್ವ ಎಲ್ಲ ಗುಡಿಗಳನ್ನೂ ಸುತ್ತಿ, ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣನ ಮುಂದೆ ಕೂತು ದಣಿವಾರಿಸಿಕೊಂಡಾಗಲೂ ಬಿಸಿಲು ಏರಿರಲಿಲ್ಲ. ಮೈಸೂರಿನಿಂದ ಹೊರಟವರ ವ್ಯಾನುಗಳು ಆಗಷ್ಟೇ ಬಂದು ನಿಲ್ಲುತ್ತಿದ್ದವು.

ಕತ್ತಲಾದ ಮೇಲೆ ಮಾತ್ರ ಈ ತಾಲ್ಲೂಕಿನಲ್ಲಿ ಕಬ್ಬಿನ ಗದ್ದೆಗಳ ನಡುವಿನ ಕ್ರಾಸುಗಳಲ್ಲಿ ಬಸ್ಸು ಕಾಯುತ್ತ ನಿಲ್ಲಬಾರದು. 2022–23ರಲ್ಲಿ ಇಲ್ಲಿ ಚಿರತೆ ದಾಳಿಗೆ ಜೀವಗಳು ಹೋಗಿವೆ. ಊರವರು ಹೊತ್ತು ಮುಳುಗುವ ಮುಂಚೆ ಮನೆ ಸೇರಿ ಎಂದು ಹೇಳಿದರೆ ಅದನ್ನು ಪಾಲಿಸಬೇಕು.

ಸೋಮನಾಥಪುರವನ್ನು ಊರಿಗೆ ಮರಳುವ ದಿನಕ್ಕೆ ಇಟ್ಟುಕೊಳ್ಳಿ. 13ನೆಯ ಶತಮಾನದ ಈ ಹೊಯ್ಸಳ ಗುಡಿ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಜನ ಹೆಚ್ಚಿದ್ದಾರೆ; ಬೆಳಗ್ಗೆ ಹೋದವರಿಗೆ ಜಗಲಿಯ ಸುತ್ತ ನಿಧಾನವಾಗಿ ನಡೆಯಲು, ವಿಗ್ರಹಗಳ ಪೀಠದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರನ್ನು ಹುಡುಕಲು ಬಿಡುವಿರುತ್ತದೆ. ಅಲ್ಲಿಂದ ನರಸೀಪುರಕ್ಕೆ ಹಿಂತಿರುಗುವ ಕೆಲಸವಿಲ್ಲ. ಬ್ಯಾಗು ಹಗುರವಾಗಿದ್ದರೆ ಜೊತೆಯಲ್ಲೇ ಒಯ್ದು, ಬನ್ನೂರಿನ ಮೇಲೆ ಮೈಸೂರಿನ ಬಸ್ಸು ಹಿಡಿಯಬಹುದು. ರಾತ್ರಿ ಧಾರವಾಡದ ರೈಲಿಗೆ ಸಾಕಷ್ಟು ಸಮಯ ಉಳಿಯುತ್ತದೆ.