ಹುಳಿಪುಡಿಯ ಶನಿವಾರ

ಮಿಸ್ಸಿಸಾಗಾ

ಚಿ. ಸೌ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹೋದ ಭಾನುವಾರ ನೀನು ದೊಡ್ಡಮ್ಮನ ಜೊತೆ ಫೋನಿನಲ್ಲಿ ಮಾತಾಡಿದ್ದೆಲ್ಲ ನನ್ನ ಕಿವಿಗೂ ಬಿತ್ತು. ಸ್ಪೀಕರ್ ಹಾಕಿಕೊಂಡೇ ಮಾತಾಡುವುದು ಅವಳ ಅಭ್ಯಾಸ, ನಿನಗೆ ಗೊತ್ತು. "ಆರೂವರೆಗೆ ಟ್ರೈನ್ ಇಳಿದು ಮನೆಗೆ ಬಂದರೆ ಅಡುಗೆಮನೆ ನನ್ನನ್ನು ನೋಡಿ ಹಲ್ಲು ಕಿರಿಯುತ್ತೆ ದೊಡ್ಡಮ್ಮ" ಅಂದೆ. ವಾರದಲ್ಲಿ ಮೂರು ದಿನ ಪಿಜ್ಜಾ ಆಗುತ್ತಿದೆ, ಮಕ್ಕಳು ಹುಳಿ ಕಂಡರೆ ಮೂಗು ಮುರಿಯುತ್ತಾರೆ, ಮೈಸೂರಿನಿಂದ ಅಮ್ಮ "ಇವತ್ತೇನು ಅಡುಗೆ?" ಅಂತ ಕೇಳಿದರೆ ಸುಳ್ಳು ಹೇಳುತ್ತೀನಿ ಅಂತಲೂ ಅಂದೆ. ದೊಡ್ಡಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಫೋನಿನಲ್ಲಿ ನಾನು ಬಾಯಿ ಹಾಕಿದರೆ ಉಪದೇಶವಾಗುತ್ತೆ. ಕಾಗದವಾದರೆ ಟ್ರೈನಿನಲ್ಲಿ ಕೂತಾಗ ಓದಿಕೊಳ್ಳಬಹುದು, ಬೇಡವಾದರೆ ಮಡಚಿ ಇಡಬಹುದು.

ಮೊದಲು ನನ್ನದೊಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನಾನು ಟೊರಾಂಟೊಕ್ಕೆ ಬಂದದ್ದು 1973ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಜೆರಾರ್ಡ್ ಬೀದಿಯಲ್ಲಿ ನಾಜ್ ಥಿಯೇಟರ್ ಹಿಂದಿ ಸಿನಿಮಾ ತೋರಿಸಲು ಶುರುಮಾಡಿತ್ತು. ಸಿನಿಮಾಕ್ಕೆ ಬರುವವರನ್ನು ನಂಬಿಕೊಂಡು ಅದರ ಅಕ್ಕಪಕ್ಕ ನಮ್ಮವರ ಅಂಗಡಿಗಳು ಒಂದೊಂದಾಗಿ ತೆರೆದವು. ಸ್ಟ್ರೀಟ್‌ಕಾರ್ ಹತ್ತಿ ಅಲ್ಲಿಗೆ ಹೋಗಿ ತೊಗರಿಬೇಳೆ, ಇಂಗು ತರುವುದೇ ಒಂದು ಯಾತ್ರೆ. ಎರಡು ವರ್ಷದ ಮೇಲೆ ದೊಡ್ಡಮ್ಮ ಬಂದಳು, ಪೆಟ್ಟಿಗೆಯಲ್ಲಿ ಮಿಕ್ಸಿ ಹೊತ್ತುಕೊಂಡು. ಊರಿನ ಮಿಕ್ಸಿಗೆ ಬೇಕಾದದ್ದು 220 ವೋಲ್ಟ್, ಇಲ್ಲಿ ಸಿಗುವುದು ಸುಮಾರು ಅದರ ಅರ್ಧ. ಅದು ಒಂದು ಸಲ ಗೊರಕೆ ಹೊಡೆದು ಸುಮ್ಮನಾಯಿತು. ಆದರೂ ಅವಳು ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಬಂದು ದಿನಾ ಸಾರು, ಹುಳಿ, ಪಲ್ಯ ಮಾಡಿದಳು. ನಾನು ಇಪ್ಪತ್ತೆಂಟು ವರ್ಷ ತಟ್ಟೆ ಮುಂದೆ ಕೂತು "ಉಪ್ಪು ಒಂದು ಕಲ್ಲು ಕಡಿಮೆ" ಅಂದವನು.

2003ರ ಫೆಬ್ರವರಿಯಲ್ಲಿ ಬಾಗಿಲ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಅವಳು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆಗ ನನಗೆ ಐವತ್ತೇಳು. ಅವಳು ಅಡುಗೆಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು, ನಾನು ಸೌಟು ಹಿಡಿದೆ. ಮೊದಲ ದಿನದ ಸಾರಿಗೆ ಒಂದು ಟೀ ಚಮಚ ತುಂಬ ಇಂಗು ಹಾಕಿದೆ. ಮೂರು ದಿನ ಮನೆಯ ಪರದೆಗಳೆಲ್ಲ ಇಂಗು ನಾರಿದವು. "ಎಷ್ಟು ಹಾಕಬೇಕು?" ಅಂದರೆ ಅವಳ ಉತ್ತರ ಒಂದೇ: "ಕಣ್ಣಂದಾಜು." ನನ್ನ ಕಣ್ಣಿಗೆ ಅಂದಾಜು ಬರುವಷ್ಟು ಆಯುಸ್ಸು ಉಳಿದಿರಲಿಲ್ಲ. ಹಾಗಾಗಿ ಒಂದು ತೂಕದ ಯಂತ್ರ ತಂದೆ. ಅವಳು ಎಡಗೈಯಿಂದ ಅಂದಾಜು ತೋರಿಸುವುದು, ನಾನು ಅದನ್ನು ತೂಗಿ ನೋಟ್‌ಬುಕ್ಕಿನಲ್ಲಿ ಬರೆಯುವುದು. ಹಾಗೆ ಮೂರು ತಿಂಗಳು ನಡೆಯಿತು. ನಮ್ಮ ಮದುವೆಯಲ್ಲಿ ನಾವಿಬ್ಬರೂ ಅತಿ ಹೆಚ್ಚು ಮಾತಾಡಿದ ಮೂರು ತಿಂಗಳು ಅವೇ ಇರಬೇಕು.

ಬರೆಯುತ್ತಾ ಬರೆಯುತ್ತಾ ಒಂದು ಸಂಗತಿ ಹೊಳೆಯಿತು. ನಿನ್ನ ಮುತ್ತಜ್ಜಿಯ ಅಡುಗೆ ನೆನೆಸಿಕೊಂಡು ನಾವೆಲ್ಲ "ದಿನಾ ಬಿಸಿಬಿಸಿ, ಹೊಸದು" ಅಂತ ಹೊಗಳುತ್ತೇವಲ್ಲ, ಆಕೆ ದಿನಾ ಹೊಸದಾಗಿ ಮಾಡುತ್ತಿದ್ದದ್ದು ಎಷ್ಟು? ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಸಾರಿನ ಪುಡಿ, ಹುಳಿಪುಡಿ ಕುಟ್ಟಿಸಿ ಡಬ್ಬ ತುಂಬಿಸುತ್ತಿದ್ದಳು. ಮಹಡಿ ಮೇಲೆ ಹಪ್ಪಳ, ಸಂಡಿಗೆ. ಜಾಡಿಯಲ್ಲಿ ಮಾವಿನ ಮಿಡಿ. ಪುಳಿಯೋಗರೆ ಗೊಜ್ಜು ಕುದಿಸಿಟ್ಟರೆ ತಿಂಗಳು ಬರುತ್ತಿತ್ತು. ಹಪ್ಪಳ ಒತ್ತುವ ದಿನ ಬೀದಿಯ ಹೆಂಗಸರೆಲ್ಲ ನಮ್ಮ ಹಜಾರದಲ್ಲಿ. ಕಾಗೆ ಓಡಿಸುವ ಕೆಲಸ ನಮ್ಮಂಥ ಹುಡುಗರದ್ದು, ಕೂಲಿ ಒಂದೊಂದು ಹಸಿ ಹಪ್ಪಳದ ಉಂಡೆ. ಅಂದರೆ ಕಷ್ಟದ ಕೆಲಸವೆಲ್ಲ ವರ್ಷಕ್ಕೊಮ್ಮೆ, ಹತ್ತು ಕೈಗಳಲ್ಲಿ ಮುಗಿದಿರುತ್ತಿತ್ತು. ಬೆಳಗ್ಗೆ ಎದ್ದು ಬೇಳೆ ಬೇಯಿಸಿ, ಪುಡಿ ಹಾಕಿ, ಒಗ್ಗರಣೆ ಕೊಟ್ಟರೆ ಹುಳಿ. ನೀನು ಮಾತ್ರ ಆ ಹತ್ತು ಕೈಗಳ ಕೆಲಸವನ್ನೂ ದಿನದ ಕೆಲಸವನ್ನೂ ಸಂಜೆ ಏಳು ಗಂಟೆಗೆ ಒಬ್ಬಳೇ ಮಾಡಲು ಹೊರಟಿದ್ದೀಯ. ಆಗದೇ ಹೋದರೆ ನಿನ್ನನ್ನೇ ಬೈದುಕೊಳ್ಳುತ್ತೀಯ. ಮುತ್ತಜ್ಜಿಗೂ ಆಗುತ್ತಿರಲಿಲ್ಲ ಮಗು.

ಇದಕ್ಕೆ ಮದ್ದು ತಿಂಗಳಿಗೊಂದು ಶನಿವಾರ. ಊರಿನ ಬೇಸಿಗೆಯ ಕೆಲಸಕ್ಕೆ ಇಲ್ಲಿನ ಚಳಿಗಾಲ ಹೇಳಿ ಮಾಡಿಸಿದ ಹಾಗಿದೆ. ಹೊರಗೆ ಹೋಗುವಂತಿಲ್ಲ, ಒಲೆ ಮುಂದೆ ಬೆಚ್ಚಗೂ ಇರುತ್ತೆ. ನನ್ನ ನೋಟ್‌ಬುಕ್ಕಿನ ಮೊದಲ ಪುಟ ಸಾರಿನ ಪುಡಿ: ಧನಿಯಾ 250 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 200, ಜೀರಿಗೆ 50, ಕಾಳುಮೆಣಸು 25, ಮೆಂತ್ಯ 20, ಸಾಸಿವೆ 20, ಎರಡು ಹಿಡಿ ಕರಿಬೇವು. ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು, ಮೆಂತ್ಯ ಕೆಂಪಗಾದ ತಕ್ಷಣ ಇಳಿಸಬೇಕು, ಇಲ್ಲದಿದ್ದರೆ ಕಹಿ. ಮೆಣಸಿನಕಾಯಿ ಹುರಿಯುವಾಗ ಹೊಗೆಯ ಅಲಾರಂ ಬಡಿದುಕೊಳ್ಳುವುದು ಈ ದೇಶದ ಕನ್ನಡ ಮನೆಗಳ ಮಂಗಳವಾದ್ಯ. ಅದರ ಬ್ಯಾಟರಿ ಮಾತ್ರ ಕೀಳಬೇಡ. ಒಂಟಾರಿಯೊದಲ್ಲಿ ಅದು ಕೆಲಸ ಮಾಡುತ್ತಿರಬೇಕೆಂದು ಕಾನೂನಿದೆ, ಅದಕ್ಕಿಂತ ಹೆಚ್ಚಾಗಿ ಮಹಡಿಯಲ್ಲಿ ಮಕ್ಕಳು ಮಲಗುತ್ತಾರೆ. ಕಿಟಕಿ ತೆಗೆ, ಫ್ಯಾನ್ ಹಾಕು, ಸಣ್ಣ ಉರಿಯಲ್ಲಿ ಹುರಿ.

ಅದೇ ಶನಿವಾರ ಒಂದು ಕಿಲೋ ತೊಗರಿಬೇಳೆ ಬೇಯಿಸಿ, ಒಂದು ಹೊತ್ತಿಗಾಗುವಷ್ಟು ಒಂದೊಂದು ಚೀಲದಲ್ಲಿ ತೆಳ್ಳಗೆ ಹರವಿ ಫ್ರೀಜರಿನಲ್ಲಿ ಮಲಗಿಸು. ತೆಂಗಿನ ತುರಿ ಹೇಗೂ ಫ್ರೀಜ್ ಆಗಿಯೇ ಸಿಗುತ್ತೆ, ಕರಿಬೇವನ್ನೂ ಅಲ್ಲೇ ಇಡು. ಸಂಜೆ ಟ್ರೈನ್ ಇಳಿದು ಬಂದ ಮೇಲೆ ಹುಳಿಗೆ ಇಪ್ಪತ್ತು ನಿಮಿಷ ಸಾಕು. "ತಂಗಳು" ಅಂತ ನಿನ್ನಮ್ಮ ಮುಖ ಸಿಂಡರಿಸಬಹುದು. ದೊಡ್ಡಮ್ಮನೂ ಹತ್ತು ವರ್ಷ ಹಾಗೇ ಮಡಿ, ಮುಸುರೆ ಅಂತ ಫ್ರೀಜರನ್ನು ಐಸ್‌ಕ್ರೀಮಿಗೆ ಮಾತ್ರ ಬಿಟ್ಟುಕೊಟ್ಟಿದ್ದಳು. ತಿಂಗಳ ಹಿಂದಿನ ಗೊಜ್ಜು ತಂಗಳಲ್ಲ, ಮೊನ್ನೆಯ ಬೇಳೆ ತಂಗಳು ಎಂಬ ಲೆಕ್ಕ ನನಗಂತೂ ಯಾವತ್ತೂ ತಿಳಿಯಲಿಲ್ಲ.

ಪ್ಯಾಕೆಟ್ ಪುಡಿ ತಂದರೂ ತಪ್ಪಿಲ್ಲ. 1924ರಲ್ಲಿ ಶುರುವಾದ ಬೆಂಗಳೂರಿನ ಎಂಟಿಆರ್‌ನವರು ರವೆ ಇಡ್ಲಿ ಕಂಡುಹಿಡಿದದ್ದೇ ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ. ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ನಡೆಸುವುದು ಕಷ್ಟವಾದಾಗ ಪುಡಿ, ಮಿಕ್ಸ್‌ಗಳನ್ನು ಪ್ಯಾಕೆಟ್ಟಿನಲ್ಲಿ ಮಾರತೊಡಗಿದರು. ಇವತ್ತು ನಾವು ಸಂಪ್ರದಾಯ ಅಂತ ಅಪ್ಪಿಕೊಂಡಿರುವ ಎಷ್ಟೋ ತಿಂಡಿಗಳು ಏನೂ ಸಿಗದ ಕಾಲದ ಉಪಾಯಗಳು. ಆದರೆ ಬಿಸಿ ಮಾಡಿ ತಿನ್ನುವ ಬಿಸಿಬೇಳೆಬಾತ್ ಪೊಟ್ಟಣ ನನಗೆ ಸೇರುವುದಿಲ್ಲ. ಎಲ್ಲ ದಿನವೂ ಒಂದೇ ರುಚಿ, ಬೈಯಲೂ ಹೊಗಳಲೂ ಅದರಲ್ಲಿ ಯಾರೂ ಇಲ್ಲ.

ದೋಸೆ ಹಿಟ್ಟು ಹುದುಗುವುದಿಲ್ಲ ಅಂದೆಯಲ್ಲ. ಓವನ್ ಹಾಕಬೇಡ, ಒಳಗಿನ ದೀಪ ಮಾತ್ರ ಹಾಕಿ ಹಿಟ್ಟಿನ ಪಾತ್ರೆ ಇಡು. ಹೊರಗೆ ಮೈನಸ್ ಇಪ್ಪತ್ತಿದ್ದರೂ ಬೆಳಗ್ಗೆಗೆ ಉಬ್ಬಿರುತ್ತೆ. ಓವನ್ ಬಾಗಿಲಿಗೆ "ಒಳಗೆ ಹಿಟ್ಟಿದೆ" ಅಂತ ಚೀಟಿ ಅಂಟಿಸುವುದು ಮರೆಯಬೇಡ. ನಾನು ಒಮ್ಮೆ ನೋಡದೆ 400 ಡಿಗ್ರಿಗೆ ತಿರುಗಿಸಿ, ಪ್ಲಾಸ್ಟಿಕ್ ಡಬ್ಬವೂ ಹಿಟ್ಟೂ ಸೇರಿ ಜಗತ್ತಿನಲ್ಲಿ ಯಾರೂ ಕಂಡಿರದ ಇಡ್ಲಿಯಾಯಿತು.

ನಿಮ್ಮ ಮನೆಯಲ್ಲಿ ಪೆಟ್ಟಿಗೆ ಬಿಚ್ಚದೆ ಇಟ್ಟಿರುವ ಇನ್‌ಸ್ಟಂಟ್ ಪಾಟ್ ಹೊರಗೆ ತೆಗೆ. ಅದು ಹುಟ್ಟಿದ್ದು ನಮ್ಮ ಪ್ರಾಂತ್ಯದಲ್ಲೇ, ಒಟ್ಟಾವದ ಕನಾಟಾದಲ್ಲಿ. ರಾಬರ್ಟ್ ವಾಂಗ್ ಎಂಬ ಕಂಪ್ಯೂಟರ್ ತಜ್ಞ ಗೆಳೆಯರೊಡನೆ ಸೇರಿ 2010ರಲ್ಲಿ ಮಾರುಕಟ್ಟೆಗೆ ತಂದ. ಕನಾಟಾ ಅಂದರೆ ಇಲ್ಲಿನ ಮೂಲನಿವಾಸಿಗಳ ಮಾತಿನಲ್ಲಿ ಹಳ್ಳಿ. ಈ ದೇಶದ ಹೆಸರೂ ಅದರಿಂದಲೇ ಬಂತು. ಕೇಳಲು ನಮ್ಮ ಕನ್ನಡದ ಹತ್ತಿರದ ನೆಂಟನ ಹಾಗಿದೆ ಅಂತ ನಾನು ಸುಮ್ಮನೆ ಖುಷಿಪಡುತ್ತಿರುತ್ತೇನೆ. "ಕೂಗದ ಕುಕ್ಕರನ್ನು ಹೇಗೆ ನಂಬುವುದು?" ಅಂತ ದೊಡ್ಡಮ್ಮ ಇನ್ನೂ ಕೇಳುತ್ತಾಳೆ. ಕೂಗದಿರುವುದೇ ಅದರ ಗುಣ. ಬೆಳಗ್ಗೆ ಅಕ್ಕಿ, ಬೇಳೆ ಅಳೆದಿಟ್ಟು ಹೋದರೆ ಸಂಜೆ ಮೊದಲು ಬಂದವರು ತೊಳೆದು ನೀರು ಹಾಕಿ ಗುಂಡಿ ಒತ್ತಬಹುದು, ಪಕ್ಕದಲ್ಲಿ ನಿಂತು ಕೂಗು ಎಣಿಸಬೇಕಿಲ್ಲ.

ಮೊದಲು ಬಂದವರು ಅಂದೆ, ಗಮನಿಸಿದೆಯಾ? ಅಳಿಯಂದಿರು ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಾರೆ. ಅವರಿಗೆ ಈ ಕಾಗದ ಓದಿ ಹೇಳು, ನಾನೇ ಬರೆದದ್ದು ಅಂತಲೂ ಹೇಳು. "ಸಹಾಯ ಬೇಕಾ?" ಅಂತ ಬಾಗಿಲಲ್ಲಿ ನಿಂತು ಕೇಳುವುದು ನಾನು ಇಪ್ಪತ್ತೆಂಟು ವರ್ಷ ಆಡಿದ ನಾಟಕ. ಮಂಗಳವಾರ, ಗುರುವಾರದ ಅಡುಗೆ ಪೂರ್ತಿ ಅವರದ್ದು ಅಂತ ಬರೆದು ಫ್ರಿಜ್ ಮೇಲೆ ಅಂಟಿಸಿ. ಏನು ಮಾಡಬೇಕೆಂದು ನಿನ್ನನ್ನು ಕೇಳುವಂತಿಲ್ಲ. ಕೈ ನೋಯುವುದಕ್ಕಿಂತ ಮುಂಚೆ "ಇವತ್ತೇನು ಮಾಡಲಿ" ಅನ್ನುವ ಯೋಚನೆಗೇ ತಲೆ ನೋಯುತ್ತೆ. ಗುರುವಾರ ಬರೀ ಮಸೂರಬೇಳೆ ತೊವ್ವೆ, ಅನ್ನ ಆದರೂ ಸುಮ್ಮನೆ ತಿನ್ನು. ಉಪ್ಪಿನ ಮಾತು ಎತ್ತಬೇಡ. ಅಂದಹಾಗೆ ಆ ಮಸೂರಬೇಳೆ ನೆನೆಸದೆ ಇಪ್ಪತ್ತು ನಿಮಿಷದಲ್ಲಿ ಬೇಯುತ್ತೆ. ಹೆಚ್ಚಾಗಿ ಬೆಳೆಯುವುದು ನಮ್ಮ ಸಸ್ಕಾಚೆವಾನ್ ಬಯಲಿನಲ್ಲಿ, ಒಗ್ಗರಣೆಯ ಸಾಸಿವೆಯೂ ಅಲ್ಲಿ ಬೆಳೆಯುತ್ತೆ. ತೊಗರಿಯಾದರೆ ದೂರದಿಂದ ಬರಬೇಕು. ಅರ್ಧ ತೊಗರಿ, ಅರ್ಧ ಮಸೂರ ಹಾಕಿದರೆ ಸಾರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ದೊಡ್ಡಮ್ಮನಿಗೆ ಗೊತ್ತಾಯಿತು, ಆದರೆ ಎರಡನೇ ಸಲ ಹಾಕಿಸಿಕೊಂಡಳು.

ಮಕ್ಕಳ ವಿಷಯ. ಹುಳಿಯಲ್ಲಿ ತರಕಾರಿ ಆರಿಸಿ ಎಸೆಯುತ್ತಾರೆ ಅಂದೆ. ದೊಡ್ಡವನಿಗೆ ಹನ್ನೊಂದು, ಚಿಕ್ಕವಳಿಗೆ ಏಳು. ಅವಳು ಹೆಸರುಬೇಳೆ ನೆನೆಸಲಿ, ಅವನು ಕ್ಯಾರೆಟ್ ತುರಿಯಲಿ, ನಿಂಬೆಹಣ್ಣು ಹಿಂಡುವುದಕ್ಕೆ ಇಬ್ಬರೂ ಜಗಳವಾಡಲಿ. ಕೋಸಂಬರಿಗೆ ಒಲೆಯೇ ಬೇಡ, ಒಗ್ಗರಣೆ ಒಂದು ನೀನು ಕೊಡು. ತಾವೇ ಮಾಡಿದ್ದನ್ನು ಮಕ್ಕಳು ಎಸೆಯುವುದು ಕಡಿಮೆ, ಅದನ್ನು ಮಾರಲು ಬಂದವರ ಹಾಗೆ ಎಲ್ಲರಿಗೂ ಬಡಿಸುತ್ತಾರೆ. 2019ರಲ್ಲಿ ಕೆನಡಾ ಸರ್ಕಾರ ಹೊರಡಿಸಿದ ಆಹಾರ ಕೈಪಿಡಿಯಲ್ಲಿ ಅರ್ಧ ತಟ್ಟೆ ತರಕಾರಿ, ಹಣ್ಣು ಅಂತ ಚಿತ್ರವಿದೆ. ಅದರ ಜೊತೆಗೆ ಮನೆಯಲ್ಲಿ ಹೆಚ್ಚು ಅಡುಗೆ ಮಾಡಿ, ಜೊತೆಗೆ ಕೂತು ಊಟ ಮಾಡಿ ಅಂತಲೂ ಬರೆದಿದ್ದಾರೆ. ಬಾಳೆಲೆಯ ಮೇಲ್ತುದಿಯಲ್ಲಿ ಕೋಸಂಬರಿ, ಪಲ್ಯ ಬಡಿಸುವ ನಮಗೆ ಇದು ಹೊಸದೇನಲ್ಲ; ಅನ್ನದ ಗುಡ್ಡ ಸ್ವಲ್ಪ ತಗ್ಗಿಸಬೇಕು ಅಷ್ಟೆ.

ನಿನಗೆ ಇನ್ನೊಂದು ಸಂಗತಿ ಹೇಳಬೇಕು. 2016ರಲ್ಲಿ ಸಿರಿಯಾದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳನ್ನು ಟೊರಾಂಟೊದ ಹೋಟೆಲುಗಳಲ್ಲಿ ಇಳಿಸಿದ್ದರು. ಹಾಸಿಗೆ, ಟಿವಿ, ಮೂರು ಹೊತ್ತು ಊಟ ಎಲ್ಲ ಇತ್ತು. ಒಲೆ ಇರಲಿಲ್ಲ. ಆ ಹೆಂಗಸರಿಗೆ ಅದೇ ದೊಡ್ಡ ಕೊರತೆಯಾಗಿತ್ತು. ಕಾಲೇಜ್ ಬೀದಿಯ ದಿ ಡಿಪಾನರ್ ಎಂಬ ಪುಟ್ಟ ಅಡುಗೆಮನೆಯವರು ಅವರನ್ನು ಕರೆದು, ಬಂದು ನಿಮ್ಮ ಅಡುಗೆ ಮಾಡಿಕೊಳ್ಳಿ ಅಂದರು. ಅದೇ ಮುಂದೆ ನ್ಯೂಕಮರ್ ಕಿಚನ್ ಆಯಿತು: ಅವರು ಒಟ್ಟಿಗೆ ಸೇರಿ ಅಡುಗೆ ಮಾಡಿದರು, ಊರಿನವರು ಕೊಂಡು ತಿಂದರು, ದುಡ್ಡು ಅವರೇ ಹಂಚಿಕೊಂಡರು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ದೊಡ್ಡಮ್ಮ ಏನೂ ಹೇಳದೆ ಎದ್ದು ಹೋಗಿ ಒಲೆ ಒರೆಸಿದಳು. ಕೈಮುರಿದು ಕುರ್ಚಿಯಲ್ಲಿ ಕೂತಿದ್ದ ಮೂರು ತಿಂಗಳು ಅವಳಿಗೆ ನೆನಪಾಗಿರಬೇಕು.

ಆದ್ದರಿಂದ ಅಡುಗೆಯನ್ನೇ ಬಿಟ್ಟುಬಿಡು ಅಂತ ನಾನು ಹೇಳುವುದಿಲ್ಲ. ಪಿಜ್ಜಾ ವಾರಕ್ಕೊಂದು ದಿನ ಇರಲಿ, ಶುಕ್ರವಾರ, ಹೆಮ್ಮೆಯಿಂದಲೇ. ಅಮ್ಮ ಕೇಳಿದರೆ ಪಿಜ್ಜಾ ಅಂತಲೇ ಹೇಳು. ಆಕೆಯೂ ಮೈಸೂರಿನಲ್ಲಿ ಭಾನುವಾರ ರಾತ್ರಿ ಒಲೆ ಹಚ್ಚುವುದಿಲ್ಲ, ನನಗೆ ಗೊತ್ತು.

ಮುಂದಿನ ಶನಿವಾರ ಬೆಳಗ್ಗೆ ಹತ್ತಕ್ಕೆ ನಾವಿಬ್ಬರೂ ಬ್ರಾಂಪ್ಟನ್ನಿನ ನಿಮ್ಮ ಮನೆಗೆ ಬರುತ್ತೇವೆ. ತೂಕದ ಯಂತ್ರ, ನೋಟ್‌ಬುಕ್ ನಾನು ತರುತ್ತೇನೆ. ನೀನು ಧನಿಯಾ, ಬ್ಯಾಡಗಿ ಮೆಣಸಿನಕಾಯಿ ತಂದಿಡು, ಅಳಿಯಂದಿರಿಗೆ ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ ಅಂತ ಹೇಳು. ದೊಡ್ಡಮ್ಮನಿಗೆ ಒಂದು ಒಳ್ಳೆಯ ಕುರ್ಚಿ ಬೇಕು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ