ಯೆಜ್ಡಿ ಮಿಸ್ ಹೊಡೆದರೆ: ಕಾರ್ಬೊರೇಟರ್ ಮುಟ್ಟುವ ಮುನ್ನ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಕಟ್ಟಕಡೆಗೆ ಹೊರಬಿದ್ದ ಯೆಜ್ಡಿಗೂ ಈಗ ಮದುವೆ ವಯಸ್ಸು ದಾಟುತ್ತಿದೆ. ಇಂಥ ಗಾಡಿ ಕಿಕ್ಕಿಗೆ ಬಗ್ಗದಿದ್ದರೆ, ಓಡುತ್ತ ಓಡುತ್ತ ಮಿಸ್ ಹೊಡೆದರೆ ನಮ್ಮ ಕೈ ಮೊದಲು ಹೋಗುವುದು ಕಾರ್ಬೊರೇಟರಿಗೆ. ಕಣ್ಣೆದುರೇ ಇದೆ, ಬಿಚ್ಚಲೂ ಸುಲಭ, ಅಷ್ಟೇ ಕಾರಣ. ನಾನು ಕಂಡಂತೆ ಹೆಚ್ಚಿನ ಸಲ ಕಳ್ಳ ಇರುವುದು ಬಲಗಡೆಯ ಮುಚ್ಚಳದ ಒಳಗೆ, ಪಾಯಿಂಟ್ ಹತ್ತಿರ.

1. ಸ್ಪ್ಯಾನರ್ ಹಿಡಿಯುವ ಮೊದಲು ಗಾಡಿ ಯಾವಾಗ ಕೈಕೊಡುತ್ತದೆ ನೋಡಿ. ತಣ್ಣಗಿದ್ದಾಗಲೋ, ಕಾದ ಮೇಲೋ? ನಿಂತಲ್ಲಿಯೋ, ಏರಿನಲ್ಲೋ? ಕಾದ ಮೇಲೆ ಸತ್ತು, ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದರೆ ಅನುಮಾನ ಕಂಡೆನ್ಸರ್ ಮೇಲೆ, ಆಮೇಲೆ ಕಾಯಿಲ್ ಮೇಲೆ.

2. ನಾಲ್ಕೈದು ಕಿಲೋಮೀಟರ್ ಓಡಿ ನಿಂತರೆ ಟ್ಯಾಂಕ್ ಮುಚ್ಚಳ ತೆರೆಯಿರಿ. ಉಸ್ ಎಂದು ಗಾಳಿ ಒಳಗೆಳೆದು, ಬಳಿಕ ಗಾಡಿ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿಕಿಂಡಿ ಕಟ್ಟಿದೆ. ಒಂದು ಪಿನ್ನಿನ ಕೆಲಸ.

3. ಪ್ಲಗ್ ಬಿಚ್ಚಿ ಬಣ್ಣ ಓದಿ. ಬಿಸ್ಕತ್ತಿನ ಕಂದು ಬಂದರೆ ಚಿಂತೆಯಿಲ್ಲ. ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚು, ಇಲ್ಲವೇ ಕಿಡಿ ಕಡಿಮೆ. ಬೆಳ್ಳಗಿದ್ದರೆ ಎಲ್ಲೋ ಗಾಳಿ ನುಗ್ಗುತ್ತಿದೆ. ಹಾಗೇ ಓಡಿಸಿದರೆ ಪಿಸ್ಟನ್ ಜಾಮ್. ಮನೆ ಮುಂದೆ ಐಡ್ಲಿಂಗ್ ಬಿಟ್ಟು ಬಿಚ್ಚಿದರೆ ಯಾವ ಪ್ಲಗ್ಗೂ ಕಪ್ಪೇ. ಒಂದಿಷ್ಟು ದೂರ ಜೋರಾಗಿ ಓಡಿಸಿ, ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ ಬಿಚ್ಚಬೇಕು.

4. ಹೊರಗೆ ಕಿಡಿ ಬಂತೆಂದು ನಂಬಬೇಡಿ. ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ಕಿಕ್ ಮಾಡಿದಾಗ ಚಟ್ ಎಂದ ಕಿಡಿ, ಸಿಲಿಂಡರ್ ಒಳಗಿನ ಒತ್ತಡದಲ್ಲಿ ಬಾಯಿ ಮುಚ್ಚಿಕೊಳ್ಳಬಹುದು. ಇನ್ಸುಲೇಷನ್ ಇರುವ ಇಕ್ಕಳದಲ್ಲಿ ವೈರ್ ಹಿಡಿದು, ಅದರ ತುದಿಯನ್ನು ಲೋಹದಿಂದ 5-6 ಮಿಲಿಮೀಟರ್ ದೂರ ಇಟ್ಟು ನೋಡಿ. ಅಷ್ಟು ಗಾಳಿ ದಾಟಿ ನೀಲಿ ಕಿಡಿ ಹಾರಿದರೆ ಸರಿ. ಹಳದಿಯಾಗಿ ಸಣ್ಣಗೆ ಬಂದರೆ ಇಲ್ಲ. ಈ ಪರೀಕ್ಷೆಯನ್ನು ಪ್ಲಗ್ ತೂತಿನಿಂದ ದೂರದಲ್ಲಿ ಮಾಡಿ; ಅಲ್ಲಿಂದ ಬರುವುದು ಪೆಟ್ರೋಲ್ ಹಬೆ.

5. ಪಾಯಿಂಟನ್ನು ಕತ್ತಲೆಯಲ್ಲಿ ಕೂತು ಪರೀಕ್ಷೆ ಮಾಡಿ. ನನ್ನ ಯೆಜ್ಡಿ ಒಮ್ಮೆ ಚಾಮುಂಡಿ ಬೆಟ್ಟ ಹತ್ತುವಾಗ ನಂದಿ ಹತ್ತಿರ ಬಂದು ಕೆಮ್ಮಿ ನಿಂತಿತು. ಅರ್ಧ ಗಂಟೆ ಬಿಟ್ಟು ಒಂದೇ ಕಿಕ್ಕಿಗೆ ಎದ್ದಿತು. ಅದಾಗಲೇ ಮೂರು ಸಲ ಕಾರ್ಬೊರೇಟರ್ ತೊಳೆದಿದ್ದೆ, ಜೆಟ್ ಬದಲಿಸಿದ್ದೆ, ಬಯ್ಗುಳವನ್ನೂ ಖಾಲಿ ಮಾಡಿದ್ದೆ. ಅಂದು ಸಂಜೆ ಬಲಗಡೆಯ ಮುಚ್ಚಳ ತೆಗೆದು, ದೀಪ ಆರಿಸಿ, ಇಂಜಿನ್ ಚಾಲೂ ಮಾಡಿ ನೋಡಿದೆ. ಪಾಯಿಂಟ್ ನಡುವೆ ವೆಲ್ಡಿಂಗ್ ಅಂಗಡಿಯಂತೆ ಚಟಪಟ. ಕಂಡೆನ್ಸರ್ ಸರಿಯಿದ್ದರೆ ಅಲ್ಲಿ ಕಾಣಬೇಕಾದ್ದು ಕಂಡೂ ಕಾಣದ ಮಿಣುಕು. ಪಾಯಿಂಟ್ ಬಿಡುವ ಗಳಿಗೆಯಲ್ಲಿ ಕರೆಂಟನ್ನು ತನ್ನೊಳಗೆ ಎಳೆದುಕೊಂಡು ಕಾಯಿಲಿಗೆ ಜೋರು ಕೊಡುವುದೇ ಅದರ ಕೆಲಸ. ಅದು ಸೋತರೆ ಪ್ಲಗ್ಗಿಗೆ ಸೇರಬೇಕಾದ ಬೆಂಕಿ ಪಾಯಿಂಟ್ ತಿನ್ನುತ್ತದೆ. ಹೆಬ್ಬೆರಳು ಗಾತ್ರದ ಆ ಡಬ್ಬಿ ಬದಲಿಸಿದೆ. ಬೆಟ್ಟ ತಾನಾಗಿ ತಗ್ಗಾಯಿತು.

ತಿಂಗಳುಗಟ್ಟಲೆ ನಿಂತ ಗಾಡಿಯ ಪಾಯಿಂಟ್ ಮೇಲೆ ಕಿಲುಬಿನ ಪದರ ಕಟ್ಟಿರುತ್ತದೆ. ಎಮರಿ ಪೇಪರ್ ಉಜ್ಜಬೇಡಿ, ಅದರ ಪುಡಿ ಅಲ್ಲೇ ಕೂತು ತೊಂದರೆ ಕೊಡುತ್ತದೆ. ಮದುವೆ ಕಾಗದದ ಒಂದು ಚೂರು ನಡುವೆ ತೂರಿಸಿ ಎಳೆದರೆ ಸಾಕು. ಗ್ಯಾಪ್ 0.4 ಮಿಲಿಮೀಟರ್, ಫೀಲರ್ ಗೇಜ್ ಇಟ್ಟೇ ನೋಡಿ. ಕಣ್ಣಳತೆ ಬೇಡ.

6. ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಪಾಯಿಂಟಿನ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ಬಿಡುತ್ತದೆ, ಕಿಡಿಯೂ ತಡ. ಗಾಡಿ ಬೇಗ ಕಾಯುತ್ತದೆ, ಪಿಕಪ್ ಇರುವುದಿಲ್ಲ.

7. ಬ್ಯಾಟರಿಯಿಂದಲೇ ಕಾಯಿಲಿಗೆ ಕರೆಂಟ್ ಹೋಗುವ 6 ವೋಲ್ಟ್ ಮಾದರಿಗಳಲ್ಲಿ ಬ್ಯಾಟರಿ 6ಕ್ಕಿಂತ ಕೆಳಗಿಳಿದಿದ್ದರೆ ಮುಂದಿನ ಪರೀಕ್ಷೆಯೆಲ್ಲ ದಂಡ. ಅರ್ತ್ ವೈರಿನ ಬುಡವನ್ನೂ ಕೆರೆಯಿರಿ.

8. ಈಗ ಕಾರ್ಬೊರೇಟರ್. ಇಂದಿನ ಬಂಕ್ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್. ಅದು ನೀರು ಹೀರುತ್ತದೆ, ಹಳೇ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ತುಕ್ಕನ್ನು ಜೆಟ್‌ವರೆಗೆ ತರುತ್ತದೆ. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಕಾಕ್ ಮುಚ್ಚಿ, ಫ್ಲೋಟ್ ಬಟ್ಟಲು ಖಾಲಿಯಾಗುವವರೆಗೆ ಓಡಿಸಿ.

9. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇದ್ದರೆ ಕಾರ್ಬೊರೇಟರ್ ಜಾಯಿಂಟ್‌ಗೆ ಬ್ರಷ್‌ನಲ್ಲಿ ದಪ್ಪ ಆಯಿಲ್ ಹಚ್ಚಿ. ಸದ್ದು ಇಳಿದರೆ ಗಾಳಿ ಅಲ್ಲಿಂದಲೇ. ಇಳಿಯದಿದ್ದರೆ ಕ್ರ್ಯಾಂಕಿನ ಬಲಗಡೆ ಆಯಿಲ್ ಸೀಲ್. ಬಿಳಿ ಹೊಗೆ ದಂಡಿಯಾಗಿ ಬಂದು ಗೇರ್ ಆಯಿಲ್ ಕಡಿಮೆಯಾಗುತ್ತಿದ್ದರೆ ಎಡಗಡೆ, ಕ್ಲಚ್ ಪಕ್ಕದ್ದು. ಕ್ರ್ಯಾಂಕ್ ಕೆಲಸ ಮನೆಯಲ್ಲಿ ಬೇಡ, ಕೈ ಪಳಗಿದವರಿಗೆ ಕೊಡಿ.

10. ಒಂದು ಸಲಕ್ಕೆ ಒಂದನ್ನೇ ಮುಟ್ಟಿ. ಪ್ಲಗ್, ಜೆಟ್, ಟೈಮಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಗಾಡಿ ಸರಿಹೋದರೂ ಯಾವುದರಿಂದ ಎಂದು ತಿಳಿಯುವುದಿಲ್ಲ.

11. ಎಲ್ಲ ಸರಿಯಿದ್ದೂ ಏರಿನಲ್ಲಿ ಉಸಿರು ಕಟ್ಟಿದಂತಾದರೆ ಎರಡೂ ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿ. ಒಂದರಲ್ಲಿ ರಭಸ ಕಡಿಮೆಯಿದ್ದರೆ ಒಳಗೆ ಮಸಿ ಕಟ್ಟಿದೆ. ಒಳಗಿನ ಕೊಳವೆ ಎಳೆದು, ಬೆಂಕಿಯಲ್ಲಿ ಸುಟ್ಟು, ಕೆರೆದು ಹಾಕಿ. ಮತ್ತೆ ಕಿಕ್ ಮಾಡುವ ಮೊದಲು ಪಕ್ಕದ ಮನೆಯವರಿಗೆ ಒಣಹಾಕಿದ ಬಟ್ಟೆ ಒಳಗೆ ತೆಗೆದುಕೊಳ್ಳಲು ಹೇಳಿ; ಮೊದಲ ಹತ್ತು ನಿಮಿಷದ ಹೊಗೆ ಇಡೀ ಬೀದಿಗೆ.